ಬಿಳಿ ಕಸ ಮತ್ತು ನಮ್ಮ ಬಿಟ್ಟಿ ಉಪದೇಶ

"ರೈತರು ಸೋಮಾರಿಗಳಾಗಿಬಿಟ್ಟಿದ್ದಾರೆ ಕಣ್ರೀ. ಮೊದಲಿನ ಹಾಗೆ ಕೂತು ಕಳೆ ಕೀಳೋರು ಯಾರಿದ್ದಾರೆ? ಅದಕ್ಕೇ ಬೆಳೆ ಬರ್ತಿಲ್ಲ."

ಈ ಮಾತನ್ನು ನೀವೂ ಕೇಳಿರ್ತೀರಿ. ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ರೈಲಿನಲ್ಲಿ, ಆಫೀಸಿನ ಕಾಫಿ ಹೊತ್ತಿನಲ್ಲಿ. ಹೇಳುವವರು ಸಾಮಾನ್ಯವಾಗಿ ಊರು ಬಿಟ್ಟು ಹದಿನೈದು ಇಪ್ಪತ್ತು ವರ್ಷ ಆದವರು. ಅಪ್ಪನ ಹೆಸರಲ್ಲಿ ಊರಲ್ಲಿ ನಾಲ್ಕೆಕರೆ ಇರುತ್ತೆ, ವರ್ಷಕ್ಕೊಮ್ಮೆ ಜಾತ್ರೆಗೆ ಹೋದಾಗ ಅದರ ಬದುವಿನ ಮೇಲೆ ನಿಂತು ಬರ್ತಾರೆ. ನಾನೂ ಅದೇ ಗುಂಪಿನವನು. ಈ ಮಾತನ್ನು ನಾನೇ ಆಡಿದ್ದೇನೆ, ಅದೂ ಆಡಬಾರದವರ ಎದುರಿಗೇ ಆಡಿದ್ದೇನೆ. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ನಮ್ಮದೊಂದು ಮಸಾರಿ ಹೊಲ ಇದೆ, ಉತ್ತರ ಕರ್ನಾಟಕದ ಒಂದು ಸಣ್ಣ ಊರಲ್ಲಿ. ನಾವು ಉಳುವುದಿಲ್ಲ, ಲಾವಣಿಗೆ ಹಾಕುತ್ತೇವೆ. ಒಂದು ವರ್ಷ ಮುಂಗಾರಿ ಜೋಳ ಇದ್ದಾಗ ಊರಿಗೆ ಹೋಗಿದ್ದೆ. ಜೋಳ ಸೊಂಟದೆತ್ತರ ಇರಬೇಕಾದ ಹೊತ್ತಲ್ಲಿ ಮೊಣಕಾಲಿನ ಹತ್ತಿರವೇ ನಿಂತುಬಿಟ್ಟಿತ್ತು. ಮಳೆ ಆಗಿ ನಾಲ್ಕೇ ದಿನ, ಮಣ್ಣು ಇನ್ನೂ ಹಸಿ. ಆದರೂ ಎಲೆ ನೀರು ಕಾಣದ ಹಾಗೆ ಸುರುಟಿಕೊಂಡಿದೆ, ಅಂಚು ಸುಟ್ಟಂತಿದೆ. ಬುಡದಲ್ಲಿ ಗೇಣುದ್ದದ ಹಸಿರು ಗಿಡಗಳು, ಅದರ ತುಂಬಾ ಪುಟ್ಟ ಪುಟ್ಟ ಬಿಳಿ ಹೂ. ನೋಡೋಕೆ ಚೆಂದವೇ ಇತ್ತು, ಮೊಬೈಲಲ್ಲಿ ಫೋಟೋ ಬೇರೆ ತೆಗೆದುಕೊಂಡೆ. (ಆ ಫೋಟೋ ಈಗಲೂ ಇದೆ. ಹಾಕಲ್ಲ, ನಾಚಿಕೆ ಆಗುತ್ತೆ.)

ಬಿಳಿ ಕಸ ಅಂತಾರೆ ಅದಕ್ಕೆ. ಪುಸ್ತಕದಲ್ಲಿ ಸ್ಟ್ರೈಗಾ. ಲ್ಯಾಟಿನ್‌ನಲ್ಲಿ ಆ ಪದಕ್ಕೆ ಮಾಟಗಾತಿ ಅಂತ ಅರ್ಥ.

ಹೊಲ ಮಾಡುವ ಕಾಕಾ ಬದುವಿನ ಮೇಲೆ ಕೂತಿದ್ದರು. ರಕ್ತ ಸಂಬಂಧ ಏನಿಲ್ಲ, ಊರಲ್ಲಿ ಎಲ್ಲರಿಗೂ ಕಾಕಾ. "ಕಾಕಾ, ಇಷ್ಟು ಕಸ ಬೆಳಿಯೋತನಕ ಏನ್ ಮಾಡಾಕತ್ತಿದ್ರಿ? ಕಿತ್ತು ಒಗದಿದ್ರ ಆಗ್ತಿರಲಿಲ್ಲೇನು?" ಅಂದೆ. ಊರಿಗೆ ಹೋದ ಕೂಡಲೇ ಬಾಯಿಗೆ ಊರಿನ ಮಾತು ಬರುತ್ತೆ, ಅಧಿಕಾರವೂ ಜೊತೆಗೇ ಬರುತ್ತೆ ನೋಡಿ.

ಕಾಕಾ ಸಿಟ್ಟು ಮಾಡಿಕೊಳ್ಳಲಿಲ್ಲ. "ಕೀಳಬೇಕಂತ ಗೊತ್ತೈತಿ ತಮ್ಮಾ. ಕಿತ್ತರ ಈ ವರ್ಷದ ಜ್ವಾಳ ಹೊಳ್ಳಿ ಬರ್ತೈತೇನು? ಮುಂದಿನ ವರ್ಷಕ್ಕ ಛಲೋ ಆಗ್ತೈತಿ, ಖರೆ. ಮುಂದಿನ ವರ್ಷ ಈ ಹೊಲ ನನ್ನ ಕಡೆ ಇರ್ತೈತಿ ಅಂತ ನೀ ಬರದು ಕೊಡ್ತೀಯೇನು?"

ನಾನು ಉತ್ತರ ಕೊಡದೆ ಮನೆಗೆ ಬಂದೆ. ಆಮೇಲೆ ಈ ಕಸದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಓದ್ತಾ ಹೋದಂಗೆ ಗೊತ್ತಾಗಿದ್ದು ಏನಂದರೆ, ಕಾಕಾ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ.

ಇದು ಸಾಮಾನ್ಯ ಕಳೆ ಅಲ್ಲ ಅನ್ನೋದು ಮೊದಲು ತಿಳಿಯಬೇಕು. ಬೇರೆ ಕಳೆಗಳು ಬೆಳೆಯ ಜೊತೆ ನೀರು, ಗೊಬ್ಬರ, ಬಿಸಿಲಿಗೆ ಪೈಪೋಟಿ ಮಾಡ್ತವೆ. ಬಿಳಿ ಕಸ ಬೆಳೆಯ ಬೇರಿಗೇ ಬಾಯಿ ಹಾಕುತ್ತೆ. ಅದರ ಬೀಜ ಒಂದು ಮಿಲಿಮೀಟರಿನ ಕಾಲು ಭಾಗದಷ್ಟಿರುತ್ತೆ, ಕೈಗೆ ಹಾಕಿಕೊಂಡರೆ ನಶ್ಯದ ಪುಡಿ ಅನ್ನಿಸಬೇಕು. ಅಷ್ಟು ಸಣ್ಣ ಬೀಜದಲ್ಲಿ ಮೊಳಕೆಗೆ ಬುತ್ತಿ ಅಂತ ಏನೂ ಇರೋದಿಲ್ಲ. ಮೊಳೆತ ಮೇಲೆ ನಾಲ್ಕಾರು ದಿನದೊಳಗೆ, ಕೆಲವೇ ಮಿಲಿಮೀಟರ್ ದೂರದಲ್ಲಿ ಜೋಳದ ಬೇರು ಸಿಗದಿದ್ದರೆ ಅದು ಸತ್ತಂತೆಯೇ. ಹಾಗಾಗಿ ಅದು ಸುಮ್ಮಸುಮ್ಮನೆ ಮೊಳೆಯೋದಿಲ್ಲ. ಮಣ್ಣಲ್ಲಿ ಕಾಯುತ್ತೆ. ವರ್ಷ ಎರಡು ವರ್ಷ ಅಲ್ಲ, ಹತ್ತು ವರ್ಷ ದಾಟಿಯೂ ಕಾಯಬಲ್ಲದು. ಜೋಳದ ಬೇರು ಹತ್ತಿರ ಬಂದು ಒಂದು ವಾಸನೆ ಬಿಟ್ಟಾಗ ಮಾತ್ರ ಏಳುತ್ತೆ. ವಾಸನೆ ಅಂತ ನಾನು ಅಂದದ್ದು, ವಿಜ್ಞಾನಿಗಳು ಅದಕ್ಕೆ ಸ್ಟ್ರೈಗೋಲ್ಯಾಕ್ಟೋನ್ ಅಂತ ಹೆಸರಿಟ್ಟಿದ್ದಾರೆ.

ಎದ್ದು, ಬೇರಿಗೆ ಅಂಟಿಕೊಂಡು, ಅದರೊಳಗೆ ತೂರಿ ನೀರು ಹರಿಯುವ ನಾಳಕ್ಕೇ ಕೊಳವೆ ಸೇರಿಸುತ್ತೆ. ಇಷ್ಟೆಲ್ಲ ಮಣ್ಣೊಳಗೆ. ನಾಲ್ಕಾರು ವಾರ ನಮ್ಮ ಕಣ್ಣಿಗೆ ಏನೂ ಕಾಣಲ್ಲ. ಅದು ತಲೆ ಎತ್ತಿ ಹಸಿರಾಗಿ ಹೂ ಬಿಡೋ ಹೊತ್ತಿಗೆ ಆಗಬೇಕಾದ ಹಾನಿಯಲ್ಲಿ ಬಹುಪಾಲು ಆಗಿಯೇ ಹೋಗಿರುತ್ತೆ. ಈಗ ಹೇಳಿ, ಕಾಕಾ ಕಿತ್ತಿದ್ದರೆ ಯಾರಿಗೆ ಲಾಭ? ಆ ವರ್ಷದ ಜೋಳಕ್ಕೆ ಅಷ್ಟಕ್ಕಷ್ಟೇ. ಲಾಭ ಇರೋದು ಮುಂದಿನ ಹತ್ತು ವರ್ಷದ ಹೊಲಕ್ಕೆ. ಒಂದೇ ಒಂದು ಗಿಡ ಬೀಜ ಕಟ್ಟಿದರೆ 50 ಸಾವಿರ, ಕೆಲವೊಮ್ಮೆ ಲಕ್ಷದ ಮೇಲೆ. ಹೊಲದ ಮೂಲೆಯಲ್ಲಿ ನೂರು ಗಿಡ ಉಳಿದುಕೊಂಡರೂ ಅರ್ಧ ಕೋಟಿ ಬೀಜ ಮಣ್ಣಿಗೆ ಜಮಾ. ಇದನ್ನು ಸಾಲ ಅನ್ನೋದೇ ಸರಿ. ಕಾಕಾ ಈ ವರ್ಷ ಕೂಲಿ ಕೊಟ್ಟು ಕೀಳಿಸಿದರೆ ತೀರೋದು ನಮ್ಮ ಹೊಲದ ಸಾಲ. ಹೊಲದ ಒಡೆಯರು ನಾವು! ಅವರ ಕೂಲಿ, ನಮ್ಮ ಆಸ್ತಿ. ಇದಕ್ಕೆ ಅವರು ಒಪ್ಪದಿದ್ದರೆ ಅವರು ಸೋಮಾರಿ ಅಂತೆ!!

ಇನ್ನೊಂದು ವಿಷಯ. ಇದನ್ನ ಎಡೆ ಹೊಡೆದು ತೆಗೆಯೋಕೂ ಬರಲ್ಲ. ಜೋಳದ ಬುಡದಲ್ಲೇ, ಸಾಲಿನ ಒಳಗೇ ಏಳುತ್ತೆ, ಎಡೆಕುಂಟೆ ಓಡಾಡೋದು ಸಾಲಿನ ನಡುವೆ. ಕೈಯಲ್ಲೇ ಕೀಳಬೇಕು, ಹೂ ಬಿಡೋಕೆ ಮುಂಚೆ ಕೀಳಬೇಕು, ಮತ್ತೆ ಮತ್ತೆ ಏಳುತ್ತಿರೋದರಿಂದ ಎರಡು ಮೂರು ಸಲ ಕೀಳಬೇಕು. ಹೂ ಬಂದಿದ್ದರೆ ಕಿತ್ತದ್ದನ್ನ ಬದುವಿಗೆ ಒಗೆಯೋ ಹಾಗೂ ಇಲ್ಲ, ಹೊರಗೆ ಒಯ್ದು ಸುಡಬೇಕು. ಆ ಹೊತ್ತಲ್ಲಿ ಊರಿನ ಹೆಣ್ಣಾಳುಗಳೆಲ್ಲ ಶೇಂಗಾ, ಹತ್ತಿ ಹೊಲದಲ್ಲಿರ್ತಾರೆ. ಬೆಳೆ ಹೋದ ಹೊಲಕ್ಕೆ ಕೂಲಿ ಹಾಕಿ ಅಂತ ಬೆಂಗಳೂರಲ್ಲಿ ಕೂತು ಹೇಳೋದು ಸುಲಭ ಸ್ವಾಮಿ.

"ಔಷಧಿ ಹೊಡೆದರಾಯ್ತಪ್ಪ" ಅನ್ನೋ ಗೆಳೆಯರೂ ಇದ್ದಾರೆ. ಹೊಡೀಬಹುದು. 2,4-ಡಿ ಹೊಡೆದರೆ ಮೇಲೆದ್ದ ಬಿಳಿ ಕಸ ಸಾಯುತ್ತೆ, ಜೋಳ ಹುಲ್ಲಿನ ಜಾತಿ ಆದ್ದರಿಂದ ತಡೆದುಕೊಳ್ಳುತ್ತೆ. ಆದರೆ ಮೇಲೆದ್ದದ್ದು ಅಂದರೆ ಊಟ ಮುಗಿಸಿ ಎದ್ದದ್ದು ಅಂತಲೇ ಅರ್ಥ. ಹಾನಿಯ ಲೆಕ್ಕ ಆಗಲೇ ಹೇಳಿದೆನಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಈ ಔಷಧಿ ಅಗಲ ಎಲೆಯ ಗಿಡಗಳನ್ನೆಲ್ಲ ಕೊಲ್ಲುತ್ತೆ. ಅಕ್ಕಡಿ ಸಾಲಿನಲ್ಲಿ ಹಾಕಿದ ತೊಗರಿ, ಅಲಸಂದಿ ಹೋಯ್ತು. ಗಾಳಿ ಬೀಸಿದರೆ ಪಕ್ಕದವರ ಹತ್ತಿ ಹೋಯ್ತು, ಹತ್ತಿಯಂತೂ ಇದರ ಸೋಂಕು ತಗುಲಿದರೂ ಎಲೆ ಮುದುಡಿಕೊಳ್ಳುತ್ತೆ. ಅಂದರೆ ಔಷಧಿ ಹೊಡೀಬೇಕು ಅಂದರೆ ಬರೀ ಜೋಳ ಬೆಳೀಬೇಕು, ಬರೀ ಜೋಳ ಬೆಳೆದರೆ ಬಿಳಿ ಕಸ ಹೆಚ್ಚಬೇಕು. ಎಂಥಾ ಚೆಂದದ ವ್ಯಾಪಾರ!

ಯಾಕೆ ಹಾಗಂದೆ ಅಂದರೆ, ಈ ಕಸಕ್ಕೆ ಮೋಸ ಮಾಡೋ ಗಿಡಗಳಿವೆ. ನನಗೆ ಓದಿದ್ದರಲ್ಲೆಲ್ಲ ತುಂಬಾ ಖುಷಿ ಕೊಟ್ಟ ಭಾಗ ಇದು. ಬಿಳಿ ಕಸವನ್ನು ಎಬ್ಬಿಸೋ ಆ ವಾಸನೆಯ ಪದಾರ್ಥವನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು 1966ರಲ್ಲಿ. ಯಾವುದರ ಬೇರಿನಿಂದ ಗೊತ್ತಾ? ಜೋಳದಿಂದಲ್ಲ, ಹತ್ತಿಯಿಂದ! ಹತ್ತಿಯ ಬೇರಿಗೆ ಈ ಕಸ ಅಂಟಿಕೊಳ್ಳಲಾರದು. ಆದರೂ ಹತ್ತಿ ಆ ವಾಸನೆ ಬಿಡುತ್ತೆ, ಬೀಜ ಮೋಸ ಹೋಗಿ ಮೊಳೆಯುತ್ತೆ, ಊಟ ಸಿಗದೆ ಸಾಯುತ್ತೆ. ಶೇಂಗಾ, ಅಲಸಂದಿ, ಸೋಯಾ, ಸೂರ್ಯಕಾಂತಿ, ಎಳ್ಳು, ಔಡಲ ಇವೂ ಹೆಚ್ಚು ಕಡಿಮೆ ಇದೇ ಕೆಲಸ ಮಾಡ್ತವೆ. ಪೈರು ಬದಲಾಯಿಸಿದರೆ ಮಣ್ಣಿನ ಸಾಲ ನಿಧಾನಕ್ಕೆ ತೀರುತ್ತೆ ಅನ್ನೋದಕ್ಕೆ ಇದಕ್ಕಿಂತ ಕಾರಣ ಬೇಕಾ? ಆದರೆ ಗಮನಿಸಿ, ನಿಧಾನಕ್ಕೆ. ಒಂದು ವರ್ಷ ಶೇಂಗಾ ಹಾಕಿ ಮರುವರ್ಷ ಜೋಳ ಹಾಕಿದರೆ ಸಾಲದು. ಎರಡು ಮೂರು ವರ್ಷದ ಲೆಕ್ಕ ಇಟ್ಟುಕೊಂಡು ಹೊಲ ನಡೆಸಬೇಕು. ಒಂದೇ ವರ್ಷದ ಬಾಯಿಮಾತಿನ ಲಾವಣಿಯಲ್ಲಿ ಮೂರು ವರ್ಷದ ಲೆಕ್ಕ ಯಾರು ಇಡ್ತಾರೆ? ಸುತ್ತಿ ಬಳಸಿ ಮತ್ತೆ ಕಾಕಾನ ಪ್ರಶ್ನೆಗೇ ಬಂದೆವು.

ಇನ್ನು ನಮ್ಮ ಸಾವಯವ ಮಿತ್ರರು. ಬೈಕೋಬೇಡಿ, ನಿಮ್ಮಲ್ಲಿ ಅನೇಕರ ಬಗ್ಗೆ ನನಗೆ ಗೌರವ ಇದೆ. ಆದರೆ "ಭೂಮಿತಾಯಿಗೆ ಹೊರಗಿನಿಂದ ಏನೂ ಕೊಡಬೇಡಿ, ಎಲ್ಲಾ ಅವಳೇ ನೋಡ್ಕೋತಾಳೆ" ಅನ್ನೋ ವೇದಾಂತ ಈ ಕಸದ ಮುಂದೆ ನಡೆಯಲ್ಲ. ಜೋಳದ ಬೇರು ಆ ವಾಸನೆ ಬಿಡೋದು ಕಸವನ್ನು ಕರೆಯೋಕಲ್ಲ. ಮಣ್ಣಲ್ಲಿ ರಂಜಕ ಕಡಿಮೆಯಾದಾಗ ಅದನ್ನು ತಂದುಕೊಡುವ ಒಂದು ಬಗೆಯ ಶಿಲೀಂಧ್ರವನ್ನು ಬೇರು ಕೂಗಿ ಕರೆಯುತ್ತೆ, ಈ ವಾಸನೆಯೇ ಆ ಕೂಗು. ಇದು ಪಕ್ಕಾ ಆಗಿದ್ದು 2005ರಲ್ಲಿ, ಜಪಾನಿನ ವಿಜ್ಞಾನಿಗಳಿಂದ. ಸ್ನೇಹಿತನನ್ನ ಕೂಗಿದರೆ ಕಳ್ಳನಿಗೂ ಕೇಳಿಸಿದ ಹಾಗೆ, ಬಿಳಿ ಕಸ ಆ ಕೂಗನ್ನು ಕದ್ದು ಕೇಳಿಸಿಕೊಳ್ಳುತ್ತೆ. ರಂಜಕ, ಸಾರಜನಕ ಕಡಿಮೆ ಇದ್ದಷ್ಟೂ ಜೋಳ ಜೋರಾಗಿ ಕೂಗುತ್ತೆ. ಹೊಟ್ಟೆಗಿಲ್ಲದ ಹೊಲದಲ್ಲೇ ಬಿಳಿ ಕಸ ಜಾಸ್ತಿ. ಅದೇ ಕಾಕಾ ಇನ್ನೊಮ್ಮೆ ಹೇಳಿದ್ದರು, "ಇದು ಬಡವರ ಹೊಲ ಹುಡುಕ್ಯಾಡಿ ಬರೋ ಕಸ ತಮ್ಮಾ" ಅಂತ. ನಾನು ಆಗ ಅದನ್ನ ಬರೀ ಮಾತು ಅಂದುಕೊಂಡಿದ್ದೆ.

ಆದ್ದರಿಂದ ಹೊಲಕ್ಕೆ ಉಣ್ಣಿಸಬೇಕು. ಕಳಿತ ತಿಪ್ಪೆಗೊಬ್ಬರವೋ, ಯೂರಿಯಾವೋ, ಎರಡೂನೋ, ಅದು ಅವರವರ ಅನುಕೂಲ. ಆದರೆ 'ಕಳಿತ' ಅನ್ನೋದನ್ನ ಮರೀಬೇಡಿ. ಬಿಳಿ ಕಸ ಬೀಜ ಕಟ್ಟಿದ ಹೊಲದಲ್ಲಿ ಮೇಯ್ದ ದನದ ಹಸಿ ಸಗಣಿಯಲ್ಲಿ ಈ ಬೀಜ ಜೀವಂತವಾಗಿಯೇ ಹೊರಬರುತ್ತೆ. ತಿಪ್ಪೆ ಚೆನ್ನಾಗಿ ಕಾವೇರಿ ಕಳಿತರೆ ಸಾಯುತ್ತೆ. ಹಸಿ ಸಗಣಿ ಒಯ್ದು ಹೊಲಕ್ಕೆ ಸುರಿದರೆ ಗೊಬ್ಬರದ ಜೊತೆ ಕಸವನ್ನೂ ಬಿತ್ತಿದ ಹಾಗೆ. ಕೂರಿಗೆಗೆ, ಟ್ರಾಕ್ಟರ್ ಗಾಲಿಗೆ ಹತ್ತಿದ ಮಣ್ಣಿನಲ್ಲೂ ಊರೂರು ತಿರುಗುತ್ತೆ.

ಹೊಸ ತಳಿಯೇ ಪರಿಹಾರ ಅನ್ನೋರೂ ಉಂಟು. ಅವರ ಮಾತಲ್ಲಿ ಹುರುಳಿದೆ, ಹಾಗಾಗಿ ಬೈಯೋಕೆ ಮನಸ್ಸಿಲ್ಲ. ಇಥಿಯೋಪಿಯಾದ ಗೆಬಿಸಾ ಎಜೆಟಾ ಅನ್ನೋ ವಿಜ್ಞಾನಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿದ್ದುಕೊಂಡು ಬಿಳಿ ಕಸದ ಅಣ್ಣನಂಥ, ನೇರಳೆ ಹೂವಿನ ಆಫ್ರಿಕಾದ ಸ್ಟ್ರೈಗಾವನ್ನು ತಡೆಯೋ ಜೋಳದ ತಳಿಗಳನ್ನು ಮಾಡಿದರು. 2009ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಬಂತು. ಅವರ ತಳಿಗಳು ಮಾಡೋದೇನು? ಕಸದ ಬೀಜವನ್ನು ಎಬ್ಬಿಸುವ ಕೂಗನ್ನೇ ತಗ್ಗಿಸೋದು. ನಮ್ಮ ಭಾರತದ ಜೋಳದಲ್ಲೇ ಎನ್-13 ಅನ್ನೋದಿದೆ, ಅದರ ದಾರಿ ಬೇರೆ. ಬೇರಿನ ಗೋಡೆಯನ್ನೇ ದಪ್ಪ ಮಾಡಿಕೊಂಡು ಕಸ ಒಳಗೆ ತೂರದಂತೆ ತಡೆಯುತ್ತೆ. ಆಫ್ರಿಕಾದ ರೈತರಿಗಾಗಿ ತಳಿ ಮಾಡುವವರೂ ಈ ಎನ್-13ರ ಗುಣವನ್ನು ಬಳಸಿಕೊಂಡಿದ್ದಾರೆ. ನಮ್ಮ ನೆಲದ ಜೋಳ ಅಲ್ಲಿಯವರ ಕೈ ಹಿಡಿಯುತ್ತೆ ಅನ್ನೋದು ಸಂತೋಷವೇ. ನಮ್ಮ ಕಾಕಾನ ಕೂರಿಗೆಗೆ ಅದರ ಗುಣ ಇರೋ ಬೀಜ ಬಂದಿಲ್ಲ, ಆ ಹೆಸರನ್ನೂ ಅವರು ಕೇಳಿಲ್ಲ. ಮತ್ತೆ, ಎಜೆಟಾ ಕೂಡ ಬರೀ ಬೀಜ ಕೊಟ್ಟು ಕೈ ತೊಳೆದುಕೊಂಡವರಲ್ಲ. ಬೀಜದ ಜೊತೆ ಗೊಬ್ಬರ, ಮಳೆನೀರು ಹೊಲದಲ್ಲೇ ನಿಲ್ಲಿಸೋ ಪದ್ಧತಿ ಎಲ್ಲ ಸೇರಿಸಿಯೇ ಇಥಿಯೋಪಿಯಾದ ರೈತರಿಗೆ ಕೊಟ್ಟದ್ದು. ನಾವು ಪ್ರಶಸ್ತಿಯ ಸುದ್ದಿ ಓದ್ತೀವಿ, ಜೊತೆಗಿದ್ದ ಗಂಟನ್ನ ಬಿಚ್ಚಿ ನೋಡಲ್ಲ.

ಕೆನ್ಯಾದಲ್ಲಿ ಇನ್ನೊಂದು ದಾರಿ ಹಿಡಿದಿದ್ದಾರೆ. ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ ಅನ್ನೋ ದ್ವಿದಳದ ಮೇವಿನ ಬಳ್ಳಿ, ಹೊಲದ ಸುತ್ತ ನೇಪಿಯರ್ ಹುಲ್ಲು. ಸುಳಿ ಕೊರೆಯುವ ಹುಳವನ್ನು ದೂರ ಇಡೋಕೆ ಅಂತ ಶುರು ಮಾಡಿದ್ದು, ಬಳ್ಳಿ ಇದ್ದ ಕಡೆ ಸ್ಟ್ರೈಗಾನೂ ಇಳಿದುಹೋಯ್ತು! ಇದನ್ನು ಕಟ್ಟಿದವರಲ್ಲಿ ಮುಖ್ಯರು ಜಿಯಾವುರ್ ಖಾನ್, ಭಾರತದಲ್ಲಿ ಹುಟ್ಟಿದವರು. ಇಲ್ಲೂ ನೋಡಿ, ಬಳ್ಳಿ ಬಹುವಾರ್ಷಿಕ. ಒಮ್ಮೆ ಹಾಕಿದರೆ ಹಲವು ವರ್ಷ ಇರಬೇಕು. ಹೊಲ ಕೈಯಲ್ಲಿ ಉಳಿಯುತ್ತೆ ಅನ್ನೋ ಧೈರ್ಯ ಇದ್ದವನಿಗೆ ಮಾತ್ರ ಆಗೋ ಕೆಲಸ.

ಈಗ ಅಮೆರಿಕದ ಕಥೆ ಕೇಳಿ. ಸೋಮಾರಿ ರೈತ ಅನ್ನೋರು ಇದನ್ನ ಎರಡು ಸಲ ಓದಬೇಕು. 1956ರಲ್ಲಿ ಉತ್ತರ ಮತ್ತು ದಕ್ಷಿಣ ಕೆರೊಲಿನಾದ ಮೆಕ್ಕೆಜೋಳದಲ್ಲಿ ಈ ಕಸ ಪತ್ತೆಯಾಯ್ತು. ನಮ್ಮ ಬಿಳಿ ಕಸದ್ದೇ ಜಾತಿ, ಅಲ್ಲಿ ಹೂ ಕೆಂಪು. ಅಲ್ಲಿನ ಸರ್ಕಾರ "ರೈತರೇ, ಕೀಳಿ" ಅಂತ ಕರಪತ್ರ ಹಂಚಿ ಸುಮ್ಮನಾಗಲಿಲ್ಲ. ಮರುವರ್ಷವೇ ಕ್ವಾರಂಟೈನ್ ಹಾಕಿದರು. ಕಸ ಇದ್ದ ಹೊಲದಿಂದ ಯಂತ್ರ, ಮಣ್ಣು, ಬೀಜ ಹೊರಗೆ ಹೋಗುವಂತಿಲ್ಲ. ಹೊಲ ಹೊಲ ಸುತ್ತಿ ಸಮೀಕ್ಷೆ ಮಾಡಿದರು. ಸರ್ಕಾರದ ದುಡ್ಡಲ್ಲಿ ಔಷಧಿ ಹೊಡೆದರು. ಆಮೇಲೆ ಎಥಿಲೀನ್ ಅನಿಲ, ಅದೇ ಕಾಯಿ ಹಣ್ಣು ಮಾಡೋ ಅನಿಲ, ಅದನ್ನ ಮಣ್ಣೊಳಗೆ ಚುಚ್ಚಿ ಬಿಟ್ಟರು. ಬೆಳೆ ಇಲ್ಲದ ಹೊಲದಲ್ಲಿ ಬೀಜಗಳು ಎದ್ದು ಬೇರು ಸಿಗದೆ ಸತ್ತವು. ಒಟ್ಟು ಸೇರಿ 4 ಲಕ್ಷ ಎಕರೆಗೂ ಮೇಲ್ಪಟ್ಟು ಹರಡಿದ್ದ ಕಸ ಇವತ್ತು ಅಲ್ಲಲ್ಲಿ ಚೂರುಪಾರು ಉಳಿದಿದೆ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಿಡದೆ ಮಾಡಿದ ಕೆಲಸ ಅದು. ಅಲ್ಲಿನ ರೈತ ಕಾಕಾನಿಗಿಂತ ಶ್ರಮಜೀವಿ ಅಂತಲಾ? ಅಲ್ಲ. ಮಣ್ಣಿನ ಸಾಲವನ್ನು ಒಬ್ಬನ ತಲೆಗೆ ಕಟ್ಟಬಾರದು ಅಂತ ಅಲ್ಲಿಯವರಿಗೆ ಗೊತ್ತಾಯ್ತು, ಅಷ್ಟೇ.

ಎಥಿಲೀನ್ ನಮಗೆ ಎಟುಕೋ ಮಾತಲ್ಲ, ಅದನ್ನ ತನ್ನಿ ಅಂತಲೂ ನಾನು ಹೇಳ್ತಿಲ್ಲ. ಆದರೆ ಕೆರೆ ಹೂಳೆತ್ತೋಕೆ ಸರ್ಕಾರದ ಕೂಲಿ ಕೊಟ್ಟಿದ್ದೇವೆ ತಾನೆ? ಕೆರೆ ಊರಿನದು ಅಂತ. ಈ ಬೀಜ ಒಬ್ಬರ ಹೊಲದಲ್ಲಿ ಉದುರಿ ಗಾಳಿಗೆ, ಹರಿಯೋ ನೀರಿಗೆ ಸಿಕ್ಕಿ ಇನ್ನೊಬ್ಬರ ಹೊಲಕ್ಕೆ ಹೋಗುತ್ತೆ. ಹಾಗಾದರೆ ಅದೂ ಊರಿನದೇ ಅಲ್ವಾ? ಹೂ ಬಿಡೋ ಮುಂಚಿನ ಹದಿನೈದು ದಿನ ಊರಿನ ಎಲ್ಲ ಜೋಳದ ಹೊಲಗಳಲ್ಲಿ ಕೂಲಿ ಕೊಟ್ಟು ಕೀಳಿಸಲಿ, ನಾಲ್ಕು ವರ್ಷ ಬಿಡದೆ ಮಾಡಲಿ. 2023ರಲ್ಲಿ ವಿಶ್ವಸಂಸ್ಥೆಯಿಂದ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಮಾಡಿಸಿದ್ದು ನಾವೇ, ಭಾರತದವರೇ ಪ್ರಸ್ತಾಪ ಇಟ್ಟಿದ್ದು. ಆ ವರ್ಷ ನಾನು ಹೋದ ಮೇಳಗಳಲ್ಲಿ ಜೋಳದ ಪಿಜ್ಜಾ ಇತ್ತು, ಜೋಳದ ಕುಕೀ ಇತ್ತು. ತಿಂದೆ, ಚೆನ್ನಾಗಿಯೇ ಇತ್ತು :-) ಬಿಳಿ ಕಸದ ಬಗ್ಗೆ ಒಂದು ಬೋರ್ಡೂ ಕಾಣಲಿಲ್ಲ.

ಲಾವಣಿಯ ಮಾತು ಬಾಕಿ ಉಳಿಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಎಷ್ಟೋ ಮನೆಗಳಿಗೆ ನೆಲ ಸಿಕ್ಕಿತು, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಆದರೆ ಆಮೇಲೂ ಊರು ಬಿಟ್ಟವರ ಹೊಲ ಯಾರಾದರೂ ಉಳಲೇಬೇಕಲ್ಲ. ಕಾಗದದಲ್ಲಿಲ್ಲದ ಲಾವಣಿ ಬಾಯಿಮಾತಲ್ಲಿ ಮುಂದುವರೀತು. ಒಡೆಯನಿಗೆ ಭಯ, ಒಬ್ಬರ ಕೈಯಲ್ಲೇ ನಾಲ್ಕು ವರ್ಷ ಇದ್ದರೆ ಹೊಲ ಹೋದೀತು ಅಂತ. ಹಾಗಾಗಿ ಎರಡು ವರ್ಷಕ್ಕೊಮ್ಮೆ ಉಳುವವರನ್ನ ಬದಲಾಯಿಸೋದು. ನಮ್ಮ ಮನೆಯಲ್ಲೂ ಅದೇ ರಿವಾಜು. ಕಾಕಾನಿಗಿಂತ ಮೊದಲು ಹತ್ತು ವರ್ಷದಲ್ಲಿ ಐದು ಜನ ಆ ಹೊಲ ಮಾಡಿದ್ದಾರೆ. ಎಲ್ಲರೂ ಮುಂಗಾರಿಗೆ ಜೋಳವನ್ನೇ ಹಾಕಿದ್ದಾರೆ. ಕಣಕಿ ದನಕ್ಕಾಯ್ತು, ಕಾಳು ಮನೆಗಾಯ್ತು, ಶೇಂಗಾ ಬೀಜಕ್ಕೆ ಕೊಡೋ ದುಡ್ಡು ಯಾರ ಹತ್ತಿರವೂ ಇರಲಿಲ್ಲ. ಗೊಬ್ಬರ ಹಾಕಿದವರು ಒಬ್ಬರೂ ಇಲ್ಲ, ಯಾಕೆ ಹಾಕ್ತಾರೆ? ನಾವು ಮಾತ್ರ ಪ್ರತಿ ವರ್ಷ ಯುಗಾದಿಗೆ ಲಾವಣಿ ದುಡ್ಡು ಎಣಿಸಿಕೊಂಡಿದ್ದೇವೆ.

ಹಾಗಾದರೆ ಆ ಬಿಳಿ ಹೂಗಳನ್ನ ಬೆಳೆಸಿದವರು ಯಾರು? ಉತ್ತರ ನಾನು ಹೇಳಬೇಕಾಗಿಲ್ಲ ಅನ್ಸುತ್ತೆ. ನಿಮ್ಮ ಊರಿನ ನಾಲ್ಕೆಕರೆಯ ಕಥೆ ಏನಂತ ನೀವೂ ಒಮ್ಮೆ ಕೇಳಿನೋಡಿ. ಯಾರು ಉಳ್ತಿದ್ದಾರೆ, ಎಷ್ಟು ವರ್ಷದಿಂದ, ಕಡೆಯ ಸಲ ಗೊಬ್ಬರ ಬಿದ್ದದ್ದು ಯಾವಾಗ ಅಂತ. ಕಾಮೆಂಟಲ್ಲಿ ಬರೆದರೆ ಸಂತೋಷ, ಬೈದರೂ ಪರವಾಗಿಲ್ಲ.

ಕಳೆದ ದೀಪಾವಳಿಗೆ ಹೋದಾಗ ಅಪ್ಪನ ಹತ್ತಿರ ಮಾತಾಡಿದೆ. ಕಾಕಾನಿಗೇ ಐದು ವರ್ಷ ಬಿಡೋಣ, ಎರಡು ವರ್ಷ ಲಾವಣಿ ದುಡ್ಡು ಬೇಡ, ಅದರಲ್ಲಿ ಶೇಂಗಾ ಬೀಜ, ಗೊಬ್ಬರ, ಕಸ ಕೀಳೋ ಕೂಲಿ ನೋಡಿಕೊಳ್ಳಲಿ ಅಂತ. ಅಪ್ಪ ಎಲೆ ಅಡಿಕೆ ಹಾಕ್ಕೊಂಡು ಎಲ್ಲಾ ಕೇಳಿಸಿಕೊಂಡರು. "ದುಡ್ಡು ಬ್ಯಾಡಂದ್ರ ಬ್ಯಾಡ. ಆದ್ರ ಐದು ವರ್ಷ ಅಂತ ಬಾಯಿ ಬಿಟ್ಟು ಹೇಳಬ್ಯಾಡ" ಅಂದರು. ಕಾಕಾ ಅದೇ ಹೊತ್ತಿಗೆ ಅಂಗಳದಲ್ಲಿ ದೀಪ ಹಚ್ಚುವುದನ್ನು ನೋಡುತ್ತಾ ನಿಂತಿದ್ದರು. ನಾನು ಇನ್ನೂ ಹೇಳಿಲ್ಲ. ಈ ಮುಂಗಾರಿಗೆ ಮತ್ತೆ ಜೋಳ ಹಾಕ್ತಾರಂತೆ.